ಬಂಡೆಗೆ ಮುಖ ಮಾಡಿದ ಚಿತ್ರ

ಇಡೀ ಕಾಡಿಗೇ ದೊಡ್ಡದಾದ ಭಾವಚಿತ್ರ ಬಹುಮಾನಕ್ಕೆ ತೀರ್ಪುಗಾರ ಆನೆ. ಯಾವ ಚಿತ್ರದ ಮುಂದೆ ನಿಂತರೂ ಮೊದಲು ಸೊಂಡಿಲಿನಿಂದ ತನ್ನ ಕಿವಿ ಸವರಿಕೊಳ್ಳುವುದು ಅದರ ಅಭ್ಯಾಸ. ಅದನ್ನು ಗಮನಿಸಿದ್ದು ಗೋಸುಂಬೆ ಮಾತ್ರ. ಹಾಗಾಗಿ ಅದು ಹುಲಿಯನ್ನು ಬರೆದರೂ ಹಲ್ಲಿಯನ್ನು ಬರೆದರೂ ಕಿವಿ ಮಾತ್ರ ಮೊರದಗಲ ಇರುತ್ತಿತ್ತು. ಆರು ವರ್ಷದಿಂದ ಬಹುಮಾನ ಅದಕ್ಕೇ.

ಈ ಸಲ ಕಾಗೆ ಮುದಿ ಆಮೆಯನ್ನು ಬರೆಯಿತು. ಮೂರು ತಿಂಗಳು ಆಮೆ ಕತ್ತು ಒಳಗೆಳೆದುಕೊಳ್ಳದೆ ಕೂತಿತ್ತು. ಕೆಸರಿನ ಹೊಂಡದಲ್ಲೇ ಬಾಳಿದ ಅದು ತನ್ನ ಮುಖವನ್ನು ಎಂದೂ ಕಂಡಿರಲಿಲ್ಲ; ಸಾಯುವ ಮುಂಚೆ ಒಮ್ಮೆ ನೋಡಬೇಕೆಂಬ ಆಸೆ. ಆದರೆ ತೀರ್ಪಿಗೆ ಮೊದಲು ಚಿತ್ರವನ್ನು ಅದಕ್ಕಾಗಿ ಕೂತವರಿಗೂ ತೋರಿಸಬಾರದೆಂಬುದು ಬಹುಮಾನ ಶುರುವಾದಾಗಿನಿಂದ ಇದ್ದ ನಿಯಮ.

ತೀರ್ಪಿನ ದಿನ, ಚಿತ್ರಗಳನ್ನು ಸಾಲಾಗಿ ಇಟ್ಟಿದ್ದ ಗವಿಯಲ್ಲಿ, ಆನೆ ಕಿವಿ ಸವರಿಕೊಂಡು ಕಾಗೆಯ ಚಿತ್ರ ನೋಡಿತು. "ಹೋಲಿಕೆಯೇ ಇಲ್ಲವಲ್ಲ!"

"ಆಮೆ ಇಲ್ಲೇ ಗವಿಯ ಬಾಗಿಲಲ್ಲಿದೆ ಸ್ವಾಮಿ, ಪಕ್ಕದಲ್ಲಿಟ್ಟು ನೋಡಿ," ಎಂದಿತು ಕಾಗೆ.

"ನನಗೇ ಕಲೆ ಹೇಳಿಕೊಡ್ತೀಯಾ? ಇದಕ್ಕೆ ಕಿವಿಯೇ ಕಾಣಿಸ್ತಿಲ್ಲ."

"ಆಮೆಗೂ ಕಾಣಿಸಲ್ಲ, ಸ್ವಾಮಿ."

"ಅದು ಆಮೆಯ ದೋಷ. ಕಲಾವಿದ ತಿದ್ದಬೇಕಿತ್ತು."

ಕಾಗೆಯನ್ನು ಹೊರಗಟ್ಟಿದರು. ಸೋತ ಚಿತ್ರಗಳ ಪದ್ಧತಿಯಂತೆ ಆಮೆಯ ಚಿತ್ರವನ್ನು ಬಂಡೆಗೆ ಮುಖ ಮಾಡಿ ನಿಲ್ಲಿಸಿದರು. ಆನೆ ಗೋಸುಂಬೆಯ ಚಿತ್ರದ ಮುಂದೆ ನಿಂತು, "ಆಹಾ, ಏನು ಜೀವಕಳೆ!" ಎಂದು ಕಿವಿ ಬೀಸತೊಡಗಿತು.

ಆಮೆ ಮೆಲ್ಲಗೆ ಅದರ ಕಾಲ ಬಳಿ ಬಂದಿತು.

"ಬಹುಮಾನ ಅವರಿಗೇ ಇರಲಿ ಸ್ವಾಮಿ. ಆ ಚಿತ್ರ ಒಂಚೂರು ಈ ಕಡೆ ತಿರುಗಿಸ್ತೀರಾ?"

ಆನೆ ಕಿವಿ ಬೀಸುತ್ತಲೇ ಇತ್ತು.

"ಸ್ವಾಮಿ, ಒಂದೇ ಒಂದು ಸಲ?"