ಆರನೇ ನಿಮಿಷಕ್ಕೆ ನಿಲ್ಲುವ ಕಂಪ್ಯೂಟರ್

ಗದಗದ ಬಸ್ ಡಿಪೊದಲ್ಲಿ ಶಿವಪುತ್ರಪ್ಪ ಎಂಬ ಮೆಕ್ಯಾನಿಕ್ ಇದ್ದ. ಇಂಜಿನ್ನಿನ ಸದ್ದು ಕೇಳಿಯೇ ಬಸ್ಸಿನ ರೋಗ ಯಾವುದೆಂದು ಹೇಳಿಬಿಡುತ್ತಿದ್ದ. ಅಂಥವನ ಮನೆಯಲ್ಲೇ ಒಂದು ಕಂಪ್ಯೂಟರ್ ಕೆಟ್ಟಿತು. ಮೂರು ತಿಂಗಳಾದರೂ ಅದರ ರೋಗ ಅವನಿಗೆ ತಿಳಿಯಲಿಲ್ಲ.

ಅದು ಅಂಗಡಿಯಿಂದ ತಂದ ಕಂಪ್ಯೂಟರ್ ಅಲ್ಲ. ಅವನ ಹೆಂಡತಿ ಕಸ್ತೂರಿ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಒಂದೊಂದೇ ಭಾಗ ತಂದು, ಅಡುಗೆಮನೆಯ ನೆಲದ ಮೇಲೆ ಹರಡಿಕೊಂಡು, ತಾನೇ ಜೋಡಿಸಿದ್ದಳು. ಶಾಲೆಯ ಮಕ್ಕಳಿಗೆ ತೋರಿಸಲೆಂದು ಜೋಡಿಸುವುದನ್ನೆಲ್ಲ ವಿಡಿಯೊ ಮಾಡಿ, ಅದೇ ಕಂಪ್ಯೂಟರಿಗೆ ಹಾಕಿಟ್ಟಿದ್ದಳು. ಶಿವಪುತ್ರಪ್ಪ ಆಗ ಆ ವಿಡಿಯೊ ನೋಡಲಿಲ್ಲ. ಪಕ್ಕದ ಕೋಣೆಯಲ್ಲೇ ಮಾತಾಡುತ್ತಿರುವವಳ ವಿಡಿಯೊವನ್ನು ಯಾರು ನೋಡುತ್ತಾರೆ, ನೀವೇ ಹೇಳಿ?

ಹೋದ ವರ್ಷ ಕಸ್ತೂರಿ ಜ್ವರದಲ್ಲಿ ತೀರಿಕೊಂಡಳು. ಅವಳ ದನಿ ಉಳಿದದ್ದು ಆ ಒಂದು ವಿಡಿಯೊದಲ್ಲಿ ಮಾತ್ರ. ಬಹಳ ದಿನ ಅದನ್ನು ಹಾಕಲು ಮನಸ್ಸು ಬಾರದಿದ್ದ ಶಿವಪುತ್ರಪ್ಪ, ಈ ಮೂರು ತಿಂಗಳಿಂದ ಡಿಪೊದಿಂದ ಬಂದು, ಕೈಗೆ ಹತ್ತಿದ ಗ್ರೀಸ್ ತೊಳೆದುಕೊಂಡವನೇ ಅದನ್ನು ಹಾಕಿಕೊಂಡು ಕೂರುತ್ತಿದ್ದ. ಆದರೆ ಆರನೇ ನಿಮಿಷಕ್ಕೆ ಕಂಪ್ಯೂಟರ್ ಹ್ಯಾಂಗ್ ಆಗುತ್ತಿತ್ತು. ಮೌಸ್ ಅಲುಗಾಡದು, ಯಾವ ಕೀ ಒತ್ತಿದರೂ ಏನೂ ಆಗದು. ಪರದೆಯ ಮೇಲೆ ಕಸ್ತೂರಿ ಬಾಯಿ ಅರ್ಧ ತೆರೆದು ಹಾಗೇ ನಿಂತುಬಿಡುತ್ತಿದ್ದಳು. ಆರಿಸಿ ಮತ್ತೆ ಹಾಕಿದರೆ ಮತ್ತೆ ಅಷ್ಟಕ್ಕೇ. ಮುಂದಕ್ಕೆ ಓಡಿಸಲು ಹೋದರೆ ಇನ್ನೂ ಬೇಗ ನಿಲ್ಲುತ್ತಿತ್ತು. ಅವಳಿದ್ದಾಗ ‘ಎಷ್ಟು ಮಾತಾಡ್ತಿ ಮಾರಾಯ್ತಿ’ ಎಂದು ಗೊಣಗುತ್ತಿದ್ದವನು ಈಗ ಏಳನೇ ನಿಮಿಷದ ಒಂದು ಮಾತಿಗಾಗಿ ಹಂಬಲಿಸುತ್ತಿದ್ದ.

ಸುಮ್ಮನೆ ಕೂರುವವನಲ್ಲ ಅವನು. ಧೂಳು ಊದಿದ, ಫ್ಯಾನ್ ಬದಲಿಸಿದ. ರ‍್ಯಾಮ್ ಹೊಸದು ತಂದ, ಕೇಬಲ್ಲುಗಳನ್ನೂ ತಂದ. ಒಂದನ್ನು ಮಾತ್ರ ಮುಟ್ಟಲಿಲ್ಲ. ಅದು ಎಲ್ಲ ಭಾಗಗಳಿಗೂ ಕರೆಂಟ್ ಹಂಚುವ ಪವರ್ ಸಪ್ಲೈ ಡಬ್ಬಿ. ಶಾಲೆಯವರು ಗುಜರಿಗೆ ಹಾಕಲು ಹೊರಟಿದ್ದ ಆ ಡಬ್ಬಿಯನ್ನು ಕಸ್ತೂರಿ ಕೇಳಿ ತಂದು, ಒರೆಸಿ ಕೂರಿಸಿದ್ದಳು. ಅದರ ನಾಲ್ಕು ಸ್ಕ್ರೂಗಳ ತಲೆಗೂ ತನ್ನ ಕೆಂಪು ಉಗುರು ಬಣ್ಣದ ಒಂದೊಂದು ಹನಿ ಇಟ್ಟಿದ್ದಳು.

ಅದನ್ನು ಅವಳಿಗೆ ಕಲಿಸಿದ್ದು ಗಂಡನೇ. ಡಿಪೊದಲ್ಲಿ ಬೋಲ್ಟ್ ಬಿಗಿ ಮಾಡಿದವನು ಅದಕ್ಕೊಂದು ಬಣ್ಣದ ಗುರುತು ಹಾಕುತ್ತಾನೆ. ‘ಬಿಗಿಯಾಗಿದೆ, ನೋಡಿಯಾಗಿದೆ’ ಎಂದು ಅದರ ಅರ್ಥ. ಗುರುತಿರುವ ಬೋಲ್ಟಿಗೆ ಇನ್ನೊಬ್ಬ ಸುಮ್ಮಸುಮ್ಮನೆ ಸ್ಪ್ಯಾನರ್ ಹಚ್ಚುವುದಿಲ್ಲ. ಶಿವಪುತ್ರಪ್ಪ ಆ ಕೆಂಪು ಚುಕ್ಕೆಗಳನ್ನು ಕಂಡಾಗಲೆಲ್ಲ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದ.

ಕೊನೆಗೆ ಸೋತು, ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಫರ್ಜಾನಾಳನ್ನು ಕರೆಸಿದ. ಅವಳು ಕಸ್ತೂರಿಯ ಹಳೇ ವಿದ್ಯಾರ್ಥಿನಿ, ತನ್ನ ಟೀಚರನ್ನು ಈಗಲೂ ‘ಅಕ್ಕೋರು’ ಎಂದೇ ಕರೆಯುತ್ತಿದ್ದಳು.

“ಕಾಕಾ, ಏನೇನ್ ನೋಡೀರಿ?” ಎಂದಳು.

“ಎಲ್ಲಾ ನೋಡೀನಿ ತಂಗಿ.”

“ಈ ಡಬ್ಬಿ?”

“ಅದಕ್ಕೇನ್ ಆಗಿಲ್ಲ ಬಿಡು. ನಿಮ್ಮ ಅಕ್ಕೋರು ಕೈಯಾರೆ ಹಾಕಿದ್ದು.”

ಫರ್ಜಾನಾ ನಗಲಿಲ್ಲ. “ನಿಮ್ಮ ದೋಸ್ತ ಹಾಕಿದ ಬ್ರೇಕ್ ಅಂತ ನೀವು ಚೆಕ್ ಮಾಡದ ಬಸ್ ಬಿಡ್ತೀರೇನ್ರಿ?”

ಶಿವಪುತ್ರಪ್ಪ ಕುರ್ಚಿ ಸರಿಸಿ ಅವಳಿಗೆ ಜಾಗ ಬಿಟ್ಟ. ಅವಳು ಡಬ್ಬಿಗೆ ಕರೆಂಟ್ ಅಳೆಯುವ ಮೀಟರ್ ಹಚ್ಚಿ, ವಿಡಿಯೊ ಹಾಕಿದಳು. ವಿಡಿಯೊ ಓಡುತ್ತಾ ಹೋದಂತೆ ಮೀಟರಿನ ಅಂಕಿ ಇಳಿಯುತ್ತಾ ಬಂತು. ಆರನೇ ನಿಮಿಷಕ್ಕೆ ಕಸ್ತೂರಿ ನಿಂತಳು.

“ರೋಗ ಇದರಾಗ ಐತಿ ಕಾಕಾ. ದಿನಾ ಹಿಂಗ ನಿಂತು ನಿಂತು ಡಿಸ್ಕಿಗೂ ಪೆಟ್ಟು ಬೀಳಾಕತ್ತೈತಿ. ಅಕ್ಕೋರ ವಿಡಿಯೊ ಇರೋದು ಅದರಾಗ. ನಕಲು ತಗೀಬೇಕಂದ್ರೂ ಅದು ಜೀವಂತ ಇರಬೇಕಲ್ಲ? ಡಬ್ಬಿ ಬೇಕೋ, ಅಕ್ಕೋರ ದನಿ ಬೇಕೋ, ಹೇಳ್ರಿ.”

ಅವನು ಆ ಕೆಂಪು ಚುಕ್ಕೆಗಳ ಮೇಲೆ ಒಮ್ಮೆ ಬೆರಳಾಡಿಸಿದ. ಆಮೇಲೆ ಅವಳ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡ. “ನಾನ ತಗೀತೀನಿ” ಎಂದ. ಒಂದೊಂದು ಸ್ಕ್ರೂ ತಿರುಗಿದಾಗಲೂ ಕೆಂಪು ಬಣ್ಣ ಸಿಪ್ಪೆಯೆದ್ದು ಅವನ ಅಂಗೈಗೆ ಉದುರಿತು. ಹೆಂಡತಿಯನ್ನು ಎರಡನೇ ಸಲ ಕಳಿಸಿಕೊಟ್ಟ ಹಾಗೆ ಅವನಿಗೆ ದುಃಖವಾಯಿತು. ಆದರೂ ನಾಲ್ಕನ್ನೂ ಬಿಚ್ಚಿದ.

ಫರ್ಜಾನಾ ಹೊಸ ಡಬ್ಬಿ ಕೂರಿಸಿ, ಮೊದಲು ನಕಲು ತೆಗೆದುಕೊಂಡು, ವಿಡಿಯೊ ಹಾಕಿದಳು. ಐದನೇ ನಿಮಿಷ ಕಳೆಯಿತು. ಆರು ಕಳೆಯಿತು. ಕಸ್ತೂರಿ ನಿಲ್ಲಲಿಲ್ಲ. ಏಳು, ಎಂಟು. ಒಂಬತ್ತನೇ ನಿಮಿಷದಲ್ಲಿ ಅವಳು ಬಗ್ಗಿ ಕಂಪ್ಯೂಟರಿನೊಳಗಿನ ಕತ್ತಲೆಯಲ್ಲಿ ಯಾವುದೋ ವೈರ್ ಹುಡುಕಿದಳು, ಸಿಗಲಿಲ್ಲ. ಸಿಟ್ಟಿನಿಂದ ತಲೆಯೆತ್ತಿ ನೇರ ಇವನ ಕಡೆಗೇ ನೋಡಿದಳು.

“ಏನ್ರೀ, ಸುಮ್ಮನ ನಿಂತು ಏನ್ ನೋಡಾಕತ್ತೀರಿ? ಬರ್ರಿ ಇಲ್ಲೆ, ಸ್ವಲ್ಪ ಬ್ಯಾಟರಿ ಬೆಳಕು ಹಿಡೀರಿ.”

ಆ ದಿನ ವಿಡಿಯೊ ಮಾಡುತ್ತ ಮೊಬೈಲ್ ಹಿಡಿದು ನಿಂತಿದ್ದವನು ತಾನೇ ಎಂಬುದು ಶಿವಪುತ್ರಪ್ಪನಿಗೆ ಮರೆತೇಹೋಗಿತ್ತು.

“ಬಂದೆ, ತಡಿ” ಎನ್ನುತ್ತ ಅವನು ಕುರ್ಚಿಯಿಂದ ಎದ್ದೇಬಿಟ್ಟ. ಹೆಂಡತಿ ಕರೆದು ಒಂದು ವರ್ಷವಾಗಿತ್ತು.

ನೀತಿ: ತಪ್ಪು ಹುಡುಕಲು ಹೊರಟವರು ತಮಗೆ ತೀರಾ ಪ್ರಿಯವಾದದ್ದನ್ನೂ ಬಿಚ್ಚಿ ನೋಡಬೇಕು. ಪ್ರೀತಿಯವರು ಮುಟ್ಟಿದ ವಸ್ತು ಎಂದು ಅದರ ದೋಷಕ್ಕೆ ಕಣ್ಣು ಮುಚ್ಚಿಕೊಂಡರೆ, ಕೊನೆಗೆ ಪ್ರೀತಿಯವರ ನೆನಪೇ ಕೈಬಿಟ್ಟು ಹೋಗುತ್ತದೆ.