ಒಡಪಿನ ಬಂಡೆ

ಮಲಪ್ರಭೆಯ ದಕ್ಷಿಣಕ್ಕೆ ಕೆಂಪು ಕಲ್ಲಿನ ಗುಡ್ಡಸಾಲಿದೆ. ಅದರ ಅಂಚಿನಲ್ಲಿ ತೊರೆಹಾಳವೆಂಬ ಸಣ್ಣ ಊರು. ಊರಿನಿಂದ ಕಾಲುದಾರಿಯಲ್ಲಿ ಅರ್ಧ ಗಂಟೆ ಏರಿದರೆ ಎರಡಾಳೆತ್ತರದ ಒಂದು ಬಂಡೆ. ಬಂಡೆಯ ಬುಡದಲ್ಲಿ ಬೇಸಗೆಯಲ್ಲೂ ಬತ್ತದ ಒರತೆ. ಇದನ್ನು ಒಡಪಿನ ಬಂಡೆ ಎನ್ನುತ್ತಾರೆ. ಒಡಪು ಹೇಳುವುದು ಮದುವೆ, ಸೀಮಂತದ ಮನೆಗಳಲ್ಲಿ. ಎಂದೂ ಗಂಡನ ಹೆಸರೆತ್ತದ ಹೆಂಗಸು ಆ ದಿನ ಮಾತ್ರ, ನಾಲ್ಕು ಜನರ ಒತ್ತಾಯಕ್ಕೆ, ಪ್ರಾಸದ ಎರಡು ಮೂರು ಸಾಲು ಕಟ್ಟಿ ಅದರ ತುದಿಗೆ ಅವನ ಹೆಸರಿಟ್ಟು ಹೇಳುತ್ತಾಳೆ. ಈ ಬಂಡೆಯ ಬಳಿ ಯಾವ ಮದುವೆಯೂ ನಡೆದಿಲ್ಲ. ಹಂದರ ಹಾಕಲು ಸಮನಾದ ನೆಲವೂ ಇಲ್ಲಿಲ್ಲ. ಬರುವವರಿಗೆ ಊರವರು ವಿಧಿಸುವ ಕಟ್ಟಳೆಗಳು ಕೆಲವಿವೆ. ಹೊತ್ತು ತಂದದ್ದನ್ನು ಹೊತ್ತೊಯ್ಯಬೇಕು. ಇಲ್ಲಿರುವುದನ್ನು ಇಲ್ಲಿಯೇ ಬಿಡಬೇಕು. ಬಂಡೆಯ ಎದುರು ಯಾರನ್ನೂ ಹೆಸರು ಹಿಡಿದು ಕರೆಯಬಾರದು. ಕೊನೆಯ ಕಟ್ಟಳೆಗೆ ಕಾರಣ ಕೇಳಿದರೆ ಹಿರಿಯರು ಮಾಳವ್ವನ ಕಥೆ ಹೇಳುತ್ತಾರೆ.

ಹಿಂದೆ ಒಮ್ಮೆ, ಈ ಕಡೆ ಗಾಡಿದಾರಿಯೂ ಇಲ್ಲದ ಕಾಲದಲ್ಲಿ, ಯಾತ್ರಿಕರ ತಂಡವೊಂದು ಇಲ್ಲಿ ತಂಗಿತು. ತಂಡದಲ್ಲಿ ಮಾಳವ್ವನೆಂಬ ಮದುಮಗಳಿದ್ದಳು. ಜೊತೆಗೆ ಅವಳ ಗಂಡ, ಕಲ್ಲುಕುಟಿಗ. ಮದುವೆಯಾಗಿ ತಿಂಗಳು ತುಂಬಿರಲಿಲ್ಲ. ಗಂಡನ ಮನೆಯ ಹೊಸ್ತಿಲಲ್ಲಿ ಹೆಂಗಸರು ಅಡ್ಡಗಟ್ಟಿ ಒಡಪು ಹೇಳೆಂದು ಕಾಡಿದಾಗ ನಾಚಿಕೆಯಿಂದ ಅವಳ ನಾಲಿಗೆ ಏಳಲಿಲ್ಲ. ‘ಇರಲಿ ಬಿಡ್ರೆ, ದೇವರಿಗೆ ಹೋಗಿಬಂದು ಹೇಳ್ಯಾಳ. ನನ್ನ ಮಗನ ಹೆಸರೇನು ಹಳಸೂದಿಲ್ಲ’ ಎಂದು ಅತ್ತೆಯೇ ಬಿಡಿಸಿಕೊಂಡಳು. ಹಾಗಾಗಿ ಮಾಳವ್ವನ ತುಟಿ ಆ ಹೆಸರನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಮನಸ್ಸಿನಲ್ಲಿ ಮಾತ್ರ ಅದನ್ನು ದಿನಕ್ಕೆ ಹತ್ತು ಸಲ ಅಂದುಕೊಳ್ಳುತ್ತಿದ್ದಳು.

ಒರತೆಯನ್ನು ಆಗ ಹಾಲಜ್ಜನೆಂಬ ಕುರುಬರ ಮುದುಕ ಕಾಯುತ್ತಿದ್ದ. ಬೊಗಸೆಯಲ್ಲಿ ಕುಡಿಯಬೇಕು, ಒರತೆಗೆ ಕಾಲಿಳಿಸಬಾರದು. ಒಣಗಿದ್ದನ್ನು ಉರಿಸಬೇಕು, ಹಸಿಯದನ್ನು ಮುರಿಯಬಾರದು. ಬಂಡೆಗೆ ಗೀರು ಹಾಕಬಾರದು ಎಂದು ಅವನು ತಂಡಕ್ಕೆ ಒಂದೊಂದಾಗಿ ಹೇಳಿದ. ಎಲ್ಲರೂ ತಲೆಯಾಡಿಸಿದರು. ಕಲ್ಲುಕುಟಿಗ ನಕ್ಕ. ‘ಕಲ್ಲಿಗೆ ಚಂದ ಕೊಡಾಂವ ನಾನು, ಅಜ್ಜಾ. ಕೆಡಸಾಂವ ಅಲ್ಲ.’ ‘ಅದು ನಿನ್ನ ಕಡೆ ಚಂದ ಕೇಳೇತೇನೋ ತಮ್ಮಾ?’ ಎಂದ ಹಾಲಜ್ಜ. ಮರುದಿನ ಬೆಳಿಗ್ಗೆ ಉಳಿದವರು ಗಂಟುಮೂಟೆ ಕಟ್ಟುವಾಗ, ಮಾಳವ್ವ ಬೇಡವೆಂದರೂ ಕೇಳದೆ, ಕಲ್ಲುಕುಟಿಗ ಉಳಿ ಹಿಡಿದು ಬಂಡೆಯ ನಡುವೆ ತನ್ನ ಹೆಸರು ಕಡೆದ. ಕೊನೆಯ ಅಕ್ಷರ ಮುಗಿಯುತ್ತಲೇ ಬಿರುಕುಗಳಲ್ಲಿ ಗೂಡು ಕಟ್ಟಿದ್ದ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದು ಹೋದವು. ಒಂದೂ ಕೂಗಲಿಲ್ಲ.

ಹೊರಡುವ ಹೊತ್ತಿಗೆ ತಂಡದ ಯಜಮಾನ ಅವನನ್ನು ಕರೆಯಲು ಬಾಯಿ ತೆರೆದ. ಹೆಸರು ಬರಲಿಲ್ಲ. ದಾರಿಯುದ್ದಕ್ಕೂ ಕರೆದ ಹೆಸರು. ‘ಏ... ಏ ಉಳಿಯಪ್ಪಾ’ ಎಂದು ಕೂಗಿದ, ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರೂ ನೆನಪಿಸಿಕೊಳ್ಳಲು ನೋಡಿದರು. ನಗು ನಿಂತಿತು. ‘ಯಾಕ್ರೋ, ನನ್ನ ಹೆಸರು...’ ಎಂದು ಅವನು ಮುಂದುವರಿಸಲು ಹೋದ. ತುಟಿ ಅಲುಗಿತು, ಸದ್ದು ಹೊರಡಲಿಲ್ಲ. ಗುಡ್ಡ ಇಳಿದು ಹರದಾರಿ ನಡೆದಿದ್ದರು. ನೆತ್ತಿಯ ಮೇಲೆ ಸೂರ್ಯ ಬಂದಾಗ ಹಿಂದಿನಿಂದ ಒಂದು ಕರೆ ಕೇಳಿಸಿತು. ಸ್ವರ ಅವನದೇ, ಪದ ಮಾತ್ರ ಯಾರ ಕಿವಿಯಲ್ಲೂ ನಿಲ್ಲಲಿಲ್ಲ. ‘ಓ’ ಎಂದು ಓಗೊಟ್ಟು ಅವನು ತಿರುಗಿ ನಡೆದ. ಹಿಡಿದವರ ಕೈ ಕೊಸರಿಕೊಂಡು ಬಂಡೆಯ ಎದುರು ಹೋಗಿ ಕುಳಿತ.

ತಂಡ ಎರಡು ದಿನ ಕಾದು ಮುಂದೆ ಹೋಯಿತು. ಮಾಳವ್ವ ಹೋಗಲಿಲ್ಲ. ದಿನವೂ ಅವನನ್ನು ಊರಿಗೆ ಇಳಿಸಿ ತರುತ್ತಿದ್ದಳು. ದಿನವೂ ನಡುಮಧ್ಯಾಹ್ನ ಬಂಡೆ ಕರೆಯುತ್ತಿತ್ತು. ಅವನು ಓಗೊಟ್ಟು ಏರುತ್ತಿದ್ದ. ಪ್ರತಿ ಸಲ ಅವನಲ್ಲಿ ಏನೋ ಒಂದು ಕಡಿಮೆಯಾಗುತ್ತಿತ್ತು. ಮೂರನೆಯ ದಿನ ತನ್ನ ಊರು ಯಾವುದೆಂದು ತಿಳಿಯದಾಯಿತು. ಐದನೆಯ ದಿನ ಉಳಿಯನ್ನು ತಿರುಗಿಸಿ ಹಿಡಿದು, ಇದು ಯಾತಕ್ಕೆಂದು ಕೇಳಿದ. ಆರನೆಯ ದಿನ ಅವಳು ರೊಟ್ಟಿ ಕೊಟ್ಟಾಗ ಎರಡೂ ಕೈಯೊಡ್ಡಿ ಇಸಿದುಕೊಂಡು, ‘ಯಾರವ್ವಾ ನೀನು? ಯಾರನ್ನ ಕಾಯಾಕ ಕುಂತಿ?’ ಎಂದ.

ಮಾಳವ್ವ ಹಾಲಜ್ಜನ ಮುಂದೆ ಅತ್ತಳು. ಅದೇ ಉಳಿಯಿಂದ ಅಕ್ಷರ ಒಡೆದುಹಾಕುತ್ತೇನೆ ಎಂದಳು. ಮುದುಕ ಒಪ್ಪಲಿಲ್ಲ. ‘ಒಮ್ಮೆ ಗಾಯ ಮಾಡಿದ್ದು ಸಾಲದೇನು? ನಮ್ಮ ಮುತ್ಯಾನ ಕಾಲದಾಗೂ ಒಬ್ಬಾಂವ ಹಿಂಗ ಕಡದಿದ್ದ. ಏಳನೇ ದಿನ ಏರಿದಾಂವ ಇಳೀಲಿಲ್ಲ. ಯಾರು ಯಾರು ಕರದಿದ್ರೋ ಅವರ ಬಾಯಿಂದೆಲ್ಲ ಹೆಸರ ಕಸಗೋತೈತಿ ಇದು. ಒಂದು ಸಲನೂ ಕರೀದವರು ಯಾರರ ಇದ್ರ ಅವರ ಹಂತ್ಯಾಕ ಉಳದಿರಬೇಕು. ಅಂಥವರು ಯಾರು ಇರತಾರ?’ ಮಾಳವ್ವ ಕಣ್ಣೊರೆಸಿಕೊಂಡಳು. ‘ನಾ ಅದೀನಿ, ಯಪ್ಪಾ’ ಎಂದಳು. ‘ಹಂಗಾದ್ರ ಅಂವ ಓಗೊಡೂದರೊಳಗ ಹೇಳು. ಒಂದೇ ಸಲ ಬರತೈತಿ. ಹೇಳಿದ ಮ್ಯಾಲೆ ನಿನಗೂ ಉಳಿಯಾಂಗಿಲ್ಲ.’

ಏಳನೆಯ ಮಧ್ಯಾಹ್ನ ಅವಳು ಬಂಡೆಗೆ ಬೆನ್ನು ಕೊಟ್ಟು, ಗಂಡನ ದಾರಿಗೆ ಅಡ್ಡ ನಿಂತಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಬೆನ್ನ ಹಿಂದೆ ಕರೆ ಎದ್ದಿತು. ಅವನ ತುಟಿ ಬಿಚ್ಚಿತು. ಅಷ್ಟರಲ್ಲಿ ಅವಳು ಹೇಳಿದಳು:

‘ಕರಿಕಲ್ಲ ಬೀಸಾಕ, ಕೆಂಗಲ್ಲ ಕಟ್ಟಾಕ,
ಒರತಿಯ ನೀರ ಬೊಗಸಿಲೆ ಕುಡಿಯಾಕ,
ನಾ ಹೇಳೂ ಹೆಸರ ನನ್ನ ಮನಿಯಾಗ ಇರಾಕ’

ಅದರ ತುದಿಗೆ ಹೆಸರಿಟ್ಟಳು. ಅವನು ಕಣ್ಣೆತ್ತಿ ಅವಳ ಮುಖ ನೋಡಿದ. ‘ಓ’ ಎಂದ, ಬಂಡೆಗಲ್ಲ, ಅವಳಿಗೆ. ಕೈ ಹಿಡಿದುಕೊಂಡು ಇಬ್ಬರೂ ಇಳಿಯತೊಡಗಿದರು. ಬಂಡೆ ಮತ್ತೊಮ್ಮೆ ಕರೆಯಿತು. ಈ ಸಲ ಮಾಳವ್ವನ ಸ್ವರದಲ್ಲಿ ಕರೆಯಿತು. ಇಬ್ಬರೂ ತಿರುಗಲಿಲ್ಲ. ಗುಡ್ಡದ ಬುಡ ಸೇರುವಷ್ಟರಲ್ಲಿ ಹೆಸರು ಅವಳ ಮನಸ್ಸಿನಿಂದಲೂ ಹೋಗಿತ್ತು. ಊರು, ಉಳಿ, ಮನೆಯ ಬಾಗಿಲು ಅವನಿಗೆ ಮೆಲ್ಲಗೆ ನೆನಪಾದವು. ತಾಯಿ ಬದುಕಿರುವವರೆಗೆ ಅವನನ್ನು ಮಗಾ ಎಂದಷ್ಟೇ ಕರೆದಳು. ಕರೆಯುವ ಮೊದಲು ಪ್ರತಿ ಸಲವೂ ಒಂದು ಗಳಿಗೆ ತಡೆದು ನಿಲ್ಲುತ್ತಿದ್ದಳು ಎನ್ನುತ್ತಾರೆ. ಮಾಳವ್ವನಿಗೆ ಏನೂ ತೊಡಕಾಗಲಿಲ್ಲ. ಅವಳು ಹೇಗೂ ಹೆಸರು ಹಿಡಿಯುವವಳಲ್ಲ.

ಆ ಅಕ್ಷರಗಳು ಇಂದಿಗೂ ಇವೆ. ಅಂಚು ಸವೆದಿಲ್ಲ, ಓದು ಬಲ್ಲ ಯಾರಾದರೂ ಓದಬಹುದು. ಓದಿದವರು ತಲೆದೂಗುತ್ತಾರೆ, ಗುಡ್ಡ ಇಳಿಯುತ್ತಾರೆ; ಏನು ಓದಿದಿರಿ ಎಂದು ಕೇಳಿದರೆ ಹೇಳಲಾರರು. ಅದರ ಕೆಳಗೆ, ಮೊಣಕಾಲೆತ್ತರದಲ್ಲಿ, ಇನ್ನೊಂದು ಹೆಸರಿದೆ. ಚಾಕುವಿನ ಮೊನೆಯಿಂದ ಗೀಚಿದ್ದು, ಇತ್ತೀಚಿನದು. ಗೀರಿನೊಳಗಿನ ಕಲ್ಲು ಇನ್ನೂ ಕಪ್ಪಿಟ್ಟಿಲ್ಲ. ನೋಡಬಂದವರೆಲ್ಲ ಅದನ್ನೂ ನೋಡುತ್ತಾರೆ, ಇಳಿದ ಮೇಲೆ ಅದನ್ನೂ ಹೇಳಲಾರರು. ಆ ಹೆಸರಿನವನನ್ನು ಹುಡುಕಿಕೊಂಡು ಈವರೆಗೆ ತೊರೆಹಾಳಕ್ಕೆ ಯಾರೂ ಬಂದಿಲ್ಲ.