ನಿಂಬೆವ್ವನ ದಿನ್ನೆ

ಮಸಾರಿಹಾಳದ ಅಗಸಿಬಾಗಿಲು ದಾಟಿ ಹಳ್ಳದ ಗುಂಟ ತುಸು ದೂರ ನಡೆದರೆ ಎರೆಹೊಲಗಳ ನಡುವೆ ಕೆಂಪು ಮಣ್ಣಿನ ಒಂದು ದಿನ್ನೆ ಎದ್ದು ಕಾಣುತ್ತದೆ. ಅದಕ್ಕೆ ನಿಂಬೆವ್ವನ ದಿನ್ನೆ ಎಂದು ಹೆಸರು. ಹೊಸದಾಗಿ ಬಂದವರು ಯಾವುದೋ ದೇವಿಯ ಸ್ಥಾನವೆಂದು ತಿಳಿದು ಕಾಯಿ ಕರ್ಪೂರ ಹಿಡಿದು ಹತ್ತುವುದುಂಟು. ಮೇಲೆ ಗುಡಿಯಿಲ್ಲ, ಕುಂಕುಮ ಹಚ್ಚಿದ ಕಲ್ಲೂ ಇಲ್ಲ. ಗಾಳಿಗೆ ಬಾಗಿದ ನಾಲ್ಕಾರು ಜಾಲಿಗಿಡ, ಹಾಸುಬಂಡೆ, ಕೆಳಗೆ ಕಣ್ಣು ಹರಿಯುವಷ್ಟು ದೂರ ಜೋಳದ ಹೊಲ, ಇಷ್ಟೇ. ನಿಂಬೆವ್ವ ಈ ಊರಿನ ಶಾಲೆಯಲ್ಲಿ ಎರಡನೆಯ ಪುಸ್ತಕ ಓದುತ್ತಿದ್ದ ಹುಡುಗಿ.

ಹಿಂದೆ ಒಮ್ಮೆ, ಪ್ಲೇಗು ಈ ಸೀಮೆಗೆ ಕಾಲಿಡುವ ಮೊದಲು, ಮಿಷನ್ನಿನವರು ಕಳಿಸಿದ ಗಂಡಹೆಂಡತಿ ಇಬ್ಬರು ಮಸಾರಿಹಾಳಕ್ಕೆ ಬಂದು ಶಾಲೆ ತೆರೆದರಂತೆ. ಗಂಡ ಸಮಾಧಾನಪ್ಪ ಮಾಸ್ತರ, ಹೆಂಡತಿ ಯೆಸ್ತೇರಬಾಯಿ. ಆಕೆಯನ್ನು ಊರೆಲ್ಲ ಅಕ್ಕೋರು ಎಂದೇ ಕರೆಯುತ್ತಿತ್ತು. ಕಿರಿಸ್ತಾನರ ಶಾಲೆಗೆ ಹೋದರೆ ಜಾತಿ ಕೆಡುತ್ತದೆಂದು ಬಹಳ ಮಂದಿ ಮಕ್ಕಳನ್ನು ಕಳಿಸಲಿಲ್ಲ. ಹೆಣ್ಣುಮಕ್ಕಳನ್ನಂತೂ ಯಾರೂ ಕಳಿಸಲಿಲ್ಲ. ಆಗ ಹತ್ತಿ ಬಿಡಿಸಿ ಹೊಟ್ಟೆ ಹೊರೆಯುತ್ತಿದ್ದ ಫಕೀರವ್ವ ಎಂಬ ವಿಧವೆ ತನ್ನ ಒಬ್ಬಳೇ ಮಗಳ ಕೈ ಹಿಡಿದು ತಂದು ಶಾಲೆಯ ಕಟ್ಟೆಯ ಮೇಲೆ ಕೂರಿಸಿದಳು. ಆಕೆಯೇ ನಿಂಬೆವ್ವ. ಅವಳನ್ನು ನೋಡಿ ಮತ್ತೆ ಕೆಲವು ಹುಡುಗಿಯರು ಬಂದರು. ಅಕ್ಕೋರಿಗೆ ಮಕ್ಕಳಿರಲಿಲ್ಲ. ಪಾಠ ಮುಗಿದ ಮೇಲೆ ಅವರು ಹುಡುಗಿಯರ ತಲೆ ಬಾಚಿ ಹೆರಳು ಹಾಕಿ ಮನೆಗೆ ಕಳಿಸುತ್ತಿದ್ದರು ಎನ್ನುತ್ತಾರೆ.

ದಿನವೂ ಸಂಜೆ ಗಂಡಹೆಂಡತಿ ಈ ದಿನ್ನೆಯನ್ನು ಹತ್ತಿ, ಬಂಡೆಯ ಮೇಲೆ ಮೊಣಕಾಲೂರಿ ಶಾಲೆಗಾಗಿ ಪ್ರಾರ್ಥನೆ ಮಾಡುತ್ತಿದ್ದರು. ಅಕ್ಕೋರದ್ದು ಗಟ್ಟಿ ದನಿ. ಮಕ್ಕಳು ಶಾಲೆಯಲ್ಲಿ ಕೂರುವ ಸಾಲಿನಂತೆಯೇ ಒಬ್ಬೊಬ್ಬರ ಹೆಸರು ಹಿಡಿದು, ಇವನಿಗೆ ಬುದ್ಧಿ ಕೊಡು, ಇವಳ ಕೆಮ್ಮು ವಾಸಿ ಮಾಡು ಎಂದು ಬೇಡುತ್ತಿದ್ದರು. ಹೊಲದಿಂದ ಮರಳುವವರು ತಮ್ಮ ಮಗುವಿನ ಹೆಸರು ಕೇಳಿಸಿದರೆ ನಕ್ಕು ಮುಂದೆ ಹೋಗುತ್ತಿದ್ದರು.

ಪ್ಲೇಗು ಬಂದ ವರ್ಷ ನಗು ನಿಂತಿತು. ಇಲಿ ಸತ್ತು ಬಿದ್ದ ಮನೆಗಳನ್ನು ಬಿಟ್ಟು ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಶಾಲೆಗೆ ಬೀಗ ಬಿತ್ತು. ಮಾಸ್ತರರು ಗುಡಿಸಲಿಂದ ಗುಡಿಸಲಿಗೆ ಗಂಜಿ ಹೊತ್ತರು, ಹೊರುವವರಿಲ್ಲದ ಹೆಣಕ್ಕೆ ಹೆಗಲು ಕೊಟ್ಟರು. ಅಕ್ಕೋರು ದಿನ್ನೆಯ ಮೇಲೆ ಇನ್ನಷ್ಟು ಹೊತ್ತು ಕೂತು, ಇನ್ನಷ್ಟು ಗಟ್ಟಿಯಾಗಿ ಮಕ್ಕಳ ಹೆಸರು ಹೇಳಿ ಅತ್ತರು. ಗುಡಿಸಲುಗಳು ದಿನ್ನೆಯ ಸುತ್ತಲೇ ಇದ್ದವು, ಎಲ್ಲರಿಗೂ ಎಲ್ಲವೂ ಕೇಳಿಸುತ್ತಿತ್ತು. ಒಂದು ಸಂಜೆ ಹೇಳಿದ ಹೆಸರಿನ ಹುಡುಗ ಮರುದಿನ ತೀರಿಕೊಂಡ. ಆಮೇಲೆ ಇನ್ನೊಬ್ಬಳು. ಹೆಸರು ಹೇಳಿದವರಲ್ಲಿ ಬದುಕಿದವರೂ ಇದ್ದರು, ಆದರೆ ಅದನ್ನು ಗಮನಿಸುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಅಕ್ಕೋರು ಕರೆದವರು ಹೋಗುತ್ತಾರೆ ಎಂಬ ಮಾತು ಗುಡಿಸಲಿಂದ ಗುಡಿಸಲಿಗೆ ಹಬ್ಬಿತು.

ಆಗ ಫಕೀರವ್ವ ದಿನ್ನೆ ಹತ್ತಿ ಬಂದಳಂತೆ. ಅಕ್ಕೋರ ಕಾಲ ಮೇಲೆ ಬಿದ್ದು, "ಅಕ್ಕೋರೆ, ನಿಮಗ ಕೈ ಮುಗೀತೀನಿ, ನನ್ನ ಮಗಳ ಹೆಸರ ತಗೀಬ್ಯಾಡ್ರಿ" ಎಂದಳು.

"ಕೇಡು ಬಯಸಿ ಹೇಳ್ತೀನೇನು, ಯವ್ವಾ? ಉಳೀಲಿ ಅಂತ ಬೇಡ್ಕೋತೀನಿ."

"ಖರೇನ ಇರಬಹುದು. ನನಗ ಅಂಜಿಕಿ ಆಗ್ತೈತ್ರಿ. ಇರೂದು ಒಂದ ಕೂಸು. ಬಾಯಾಗೂ ಬ್ಯಾಡ, ಮನಸ್ಸಿನ್ಯಾಗೂ ಬ್ಯಾಡ. ಮಾತು ಕೊಡ್ರಿ."

ಮಗಳನ್ನು ಮೊದಲು ಶಾಲೆಗೆ ತಂದವಳು ಇವಳು. ಅಕ್ಕೋರು ಅವಳನ್ನು ಹಿಡಿದೆತ್ತಿ, ಮಾತು ಕೊಟ್ಟರು.

ಅಂದಿನಿಂದ ಅವರ ಪ್ರಾರ್ಥನೆ ನಡುವೆ ಒಂದು ಕಡೆ ನಿಂತುಬಿಡುತ್ತಿತ್ತು. ನಿಂಬೆವ್ವ ಕೂರುವ ಜಾಗ ಬಂದಾಗ ಅಕ್ಕೋರು ಸೆರಗಿನ ತುದಿ ಬಾಯಿಗಿಟ್ಟು ಸುಮ್ಮನಾಗಿ, ಆಮೇಲೆ ಮುಂದಿನ ಹೆಸರು ಹೇಳುತ್ತಿದ್ದರು. ಮನಸ್ಸಿನಲ್ಲೂ ಆ ಹೆಸರು ಬಾರದಂತೆ ತಡೆಯುವುದು ಎಷ್ಟು ಕಷ್ಟವೆಂದು ಅವರು ಗಂಡನ ಬಳಿ ಹೇಳಿಕೊಂಡಿದ್ದರಂತೆ.

ಕಡೆಗೆ ನಿಂಬೆವ್ವನ ಕಂಕುಳಲ್ಲೂ ಪ್ಲೇಗಿನ ಗಡ್ಡೆ ಎದ್ದಿತು. ಸುದ್ದಿ ತಂದವರು ಮಾಸ್ತರರೇ. ಅಂದು ಸಂಜೆ ಬಂಡೆಯ ಮೇಲೆ ಅವರು ಹೆಂಡತಿಯನ್ನು ಕೇಳಿಕೊಂಡರು: "ಯೆಸ್ತೇರ, ಇವತ್ತರ ಹೇಳು. ಆ ತಾಯಿಗೆ ಗೊತ್ತಾಗೂದಿಲ್ಲ."

"ಮಾತು ಕೊಟ್ಟೀನ್ರಿ. ನೀವ ಹೇಳ್ರಿ."

ಮಾಸ್ತರರು ಬಾಯಿ ತೆರೆದರು. ಹಗಲೆಲ್ಲ ಹೆಣ ಹೊತ್ತವರು. ಕರೆದರೆ ಹೋಗುತ್ತಾರೆಂಬ ಊರಿನ ಮಾತು ಅವರ ಎದೆಯೊಳಗೂ ಇಳಿದಿತ್ತು. ಅವರ ಬಾಯಿಂದಲೂ ಆ ಹೆಸರು ಹೊರಡಲಿಲ್ಲ. ಇಬ್ಬರೂ ಬೇರೆಲ್ಲ ಮಕ್ಕಳ ಹೆಸರು ಹೇಳಿ ಕೆಳಗಿಳಿದರು. ಮರುದಿನ ಹೊತ್ತೇರುವ ಮುಂಚೆ ನಿಂಬೆವ್ವ ತಾಯಿಯ ತೊಡೆಯ ಮೇಲೆ ಪ್ರಾಣ ಬಿಟ್ಟಳು.

ಮಣ್ಣು ಮಾಡಿ ಬಂದ ಸಂಜೆ ಫಕೀರವ್ವ ಮತ್ತೆ ದಿನ್ನೆ ಹತ್ತಿದಳು. ಅವಳು ಅಳುತ್ತಿರಲಿಲ್ಲ.

"ಎಲ್ಲಾರ ಸಲುವಾಗಿ ಬೇಡಿಕೊಂಡ್ರಿ. ಗೌಡರ ಮಗ ಉಳದ, ಕಂಬಾರರ ಹುಡುಗಿ ಉಳದ್ಲು. ನನ್ನ ಮಗಳನ್ನಷ್ಟ ಯಾಕ ಬಿಟ್ರಿ?"

ಮಾಸ್ತರರು, "ಬ್ಯಾಡ ಅಂತ ನೀವ…" ಎಂದು ಶುರು ಮಾಡಿ ನಡುವೆಯೇ ನಿಲ್ಲಿಸಿದರು.

"ಹೌದ್ರಿ, ನಾ ಬ್ಯಾಡಂದೆ," ಎಂದಳು ಫಕೀರವ್ವ. "ನಾ ತಿಳಿಲಾರದಾಕಿ. ನೀವು ಕಲಿತವರು. ನನ್ನ ಮಾತ ಯಾಕ ಕೇಳಿದ್ರಿ?"

ಹೆಸರು ಹೇಳಿದ್ದರೂ ಹುಡುಗಿ ಸಾಯುತ್ತಿದ್ದಳೋ ಏನೋ. ಹೇಳಿದ್ದರೆ ಫಕೀರವ್ವ ಅದನ್ನೇ ಕಾರಣವೆನ್ನುತ್ತಿದ್ದಳು. ಇದೆಲ್ಲ ಅಕ್ಕೋರಿಗೆ ತಿಳಿಯದ್ದಲ್ಲ. ತಿಳಿದೂ ಅವರಿಗೆ ನೆಮ್ಮದಿ ಬರಲಿಲ್ಲ. ಮರುದಿನ ಸಂಜೆ ಬಂಡೆಯ ಮೇಲೆ ಮೊಣಕಾಲೂರಿದಾಗ ಬೇರೆ ಯಾವ ಹೆಸರೂ ಅವರಿಗೆ ಬರಲಿಲ್ಲ, ದೇವರ ಹೆಸರು ಕೂಡ. "ನಿಂಬೆವ್ವಾ, ನಿಂಬೆವ್ವಾ" ಎಂದಷ್ಟೇ ಕೂಗಿದರು. ದಿನವೂ ಹಾಗೆಯೇ ಆಯಿತು. ದಿನ್ನೆಯ ಇನ್ನೊಂದು ಮಗ್ಗುಲಿಗೆ ಫಕೀರವ್ವ ಬೆನ್ನು ತಿರುಗಿಸಿ ಕೂತು ಅದನ್ನು ಕೇಳುತ್ತಿದ್ದಳು. ಗುಡಿಸಲುಗಳಲ್ಲಿದ್ದ ಜನ ದಿನ್ನೆಯನ್ನು ನಿಂಬೆವ್ವನ ದಿನ್ನೆ ಎನ್ನತೊಡಗಿದ್ದು ಆಗಿನಿಂದ.

ಪ್ಲೇಗು ಹೋಯಿತು, ಜನ ಮನೆಗಳಿಗೆ ಮರಳಿದರು. ಮಾಸ್ತರರು ಶಾಲೆಯ ಬೀಗ ತೆಗೆದು ಕಸ ಗುಡಿಸಿ ಬಹಳ ದಿನ ಬಾಗಿಲಲ್ಲಿ ಕಾದರು. ಉಳಿದ ಮಕ್ಕಳಲ್ಲಿ ಒಬ್ಬರೂ ಬರಲಿಲ್ಲ. ಮಿಷನ್ನಿನವರು ಗಂಡಹೆಂಡತಿಯನ್ನು ಬೇರೆ ಕಡೆಗೆ ಕರೆಸಿಕೊಂಡರು. ಅಲ್ಲಿ ಅಕ್ಕೋರು ಹೊಲಿಗೆ ಕಲಿಸುತ್ತಿದ್ದರು, ಗಟ್ಟಿಯಾಗಿ ಪ್ರಾರ್ಥನೆ ಮಾಡಿದ್ದನ್ನು ಯಾರೂ ಕೇಳಲಿಲ್ಲ ಎನ್ನುತ್ತಾರೆ. ಫಕೀರವ್ವ ಮಾತ್ರ ಬದುಕಿರುವವರೆಗೆ ದಿನ್ನೆ ಹತ್ತಿದಳು. ಅಕ್ಕೋರು ಹೋದ ಮೇಲೆ ಮಗಳ ಹೆಸರು ಕೂಗುವವರು ಇರಲಿಲ್ಲವಾಗಿ, ಅವಳೇ ಕೂಗುತ್ತಿದ್ದಳಂತೆ.

ಈಗ ಊರಿನಲ್ಲಿ ಬೇರೆ ಶಾಲೆಯಿದೆ. ವರ್ಷಕ್ಕೊಮ್ಮೆ ಮಕ್ಕಳು ತಾಯಂದಿರ ಜೊತೆ ಬುತ್ತಿ ಕಟ್ಟಿಕೊಂಡು ದಿನ್ನೆಗೆ ಬರುತ್ತಾರೆ, ಬಂಡೆಯ ಮೇಲೆ ಜಾರಿ ಆಡುತ್ತಾರೆ. ಹೊರಗಿನಿಂದ ಬಂದವರು ಅಲ್ಲಿ ಒಂದು ವಿಚಿತ್ರವನ್ನು ಕಾಣುತ್ತಾರೆ. ಆಡುತ್ತಾ ಅಂಚಿಗೆ ಹೋದ ಮಗುವನ್ನು ಮಸಾರಿಹಾಳದ ಯಾವ ತಾಯಿಯೂ ಹೆಸರು ಹಿಡಿದು ಕರೆಯುವುದಿಲ್ಲ. ಚಪ್ಪಾಳೆ ತಟ್ಟುತ್ತಾಳೆ, ಅದಕ್ಕೂ ಮಗು ತಿರುಗದಿದ್ದರೆ ಎದ್ದು ಓಡಿ ಹೋಗಿ ರಟ್ಟೆ ಹಿಡಿದು ಎಳೆದು ತರುತ್ತಾಳೆ.